ಗಲ್ಲಾದ ಎತ್ತರ

“ನೀನು ಗಲ್ಲಾದಲ್ಲಿ ಕೂತರೆ ಗಿರಾಕಿಗೆ ಎಂತ ಕಾಣ್ತದೆ ಮಾರಾಯ? ಟೋಪಿ ಮಾತ್ರ! ಟೋಪಿಗೆ ಯಾರಾದ್ರೂ ದುಡ್ಡು ಕೊಡ್ತಾರಾ?”

ಕಟಪಾಡಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಕಾವಲಿಯ ಮುಂದೆ ಪರೋಟ ಬೇಯಿಸುತ್ತಿದ್ದ ನನಗೆ ಹಾಗೆ ಹೇಳಿದ್ದು ಧಣಿ ಶೇಕಬ್ಬ ಕಾಕ. ಎಂಬತ್ತೆರಡನೆಯ ಇಸವಿ, ಅಳಿಯನ ದುಬೈ ದುಡ್ಡಿನಲ್ಲಿ ಕಾಪುವಿನಲ್ಲೊಂದು ಹೊಸ ಹೋಟೆಲು ತೆರೆಯುವುದರಲ್ಲಿದ್ದರು. ಅದರ ಗಲ್ಲಾದಲ್ಲಿ ಕೂರುವವನು ನಾನೇ ಎಂದು ಎಷ್ಟೋ ರಂಜಾನಿನಿಂದ ಹೇಳುತ್ತಾ ಬಂದವರೂ ಅವರೇ. ಈಗ ಆ ಕುರ್ಚಿ ಬಾವ ಎಂದೇ ಹೆಸರಿರುವ ಅವರ ಮಗನಿಗಂತೆ. ಬಾವ ನನ್ನದೇ ವಯಸ್ಸಿನವನು. ಬಿಸಿಲೇರಿದ ಮೇಲೆ ಏಳುತ್ತಾನೆ, ತಲೆ ತಗ್ಗಿಸದೆ ನಮ್ಮ ಬಾಗಿಲು ದಾಟಲಾರ.

ಮೂಲೆಯಲ್ಲಿ ಪರೋಟ ತಿನ್ನುತ್ತಿದ್ದ ಮಣಿಪಾಲದ ಡಾಕ್ಟರ್ ಪೀಟರ್ ಮಾತ್ರ ನಗಲಿಲ್ಲ.

“ಇದ್ರೀಸ್, ನೀವು ಇಲ್ಲಿಗೆ ಸೇರಿದ್ದು ಯಾವಾಗ?”

“ನಾಲ್ಕನೇ ಕ್ಲಾಸ್ ಬಿಟ್ಟ ಮೇಲೆ ಡಾಕ್ಟ್ರೇ. ಮೊದಲ ಬಸ್ಸಿಗೆ ಪರೋಟ ಆಗ್ಬೇಕಲ್ವಾ? ಪಾತ್ರೆ ತೊಳೆದು ಬೆಂಚಿನಲ್ಲಿ ಬಿದ್ದುಕೊಂಡ್ರೆ, ಕೋಳಿಗಿಂತ ಮೊದಲು ಕಾಕ ಎಬ್ಬಿಸ್ತಾರೆ.”

ಡಾಕ್ಟರು ಕೈ ತೊಳೆದು ಬಂದು ಎಲ್ಲರಿಗೂ ಕೇಳುವಂತೆ ವಿವರಿಸಿದರು. ಮಿದುಳಿನ ಬುಡದಲ್ಲಿ ಕಡಲೆಯಷ್ಟು ಸಣ್ಣ ಗ್ರಂಥಿ ಉಂಟಂತೆ. ಮಕ್ಕಳನ್ನು ಬೆಳೆಸುವ ಹಾರ್ಮೋನ್ ಅದರಿಂದ ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲೇ ಅಂತೆ.

“ಹಾಗಾದ್ರೆ ನನ್ನ ಎತ್ತರ ಕಾಕನ ಪರೋಟಕ್ಕೆ ಹೋಯ್ತಾ?”

“ಅದರಿಂದಲೇ ಅಂತ ಹೇಳ್ಲಿಕ್ಕಾಗುವುದಿಲ್ಲ. ಊಟ, ತಂದೆತಾಯಿಯ ಎತ್ತರ ಎಲ್ಲ ಸೇರ್ತದೆ. ಆದ್ರೆ ಬೆಳೆಯುವ ಮಕ್ಕಳ ನಿದ್ದೆ ಕೆಡಿಸ್ಬಾರದು.”

ನನ್ನ ಅಪ್ಪ ಆದಿ ಉಡುಪಿಯ ಮಾರುಕಟ್ಟೆಯಲ್ಲಿ ನಿಂತ ನೆಲದಿಂದಲೇ ಲಾರಿಗೆ ಮೂಟೆ ಏರಿಸುತ್ತಿದ್ದವರು, ಅಷ್ಟು ಎತ್ತರದ ಆಳು. ಅದು ಕಾಕನಿಗೂ ಗೊತ್ತು. ನಗು ನಿಂತು ಎಲ್ಲರೂ ಅವರನ್ನೇ ನೋಡಿದರು. ಕಾಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಯಾ ಅಲ್ಲಾಹ್! ಇಷ್ಟು ದಿನ ನನಗಿದು ಗೊತ್ತೇ ಇರಲಿಲ್ಲ!”

ಕುರ್ಚಿ ಸಿಕ್ಕಿಯೇ ಬಿಟ್ಟಿತು ಎಂದುಕೊಂಡೆ.

“ನಮ್ಮ ಮಗಳು ಝೈನಬಳ ಮಕ್ಕಳು ಮಲಗುವುದು ಈ ಗೋಡೆಯ ಆಚೆಯೇ. ನೀನು ಹಿಟ್ಟು ಬಡಿಯುವ ಸದ್ದಿಗೆ ದಿನಾ ಎದ್ದು ಕೂರ್ತಾವೆ. ಪಾಪ, ಹಾರ್ಮೋನ್ ಎಲ್ಲ ಹಾಳು! ನಾಳೆಯಿಂದ ನೀನು ಅಂಗಳದ ಆಚೆ ಶೆಡ್ಡಿನಲ್ಲಿ ಬಡಿ, ಅಲ್ಲಿಂದ ಹೊತ್ತು ತಾ. ಒಂದು ಗಂಟೆ ಮೊದಲೇ ಏಳ್ಬೇಕು, ಅಷ್ಟೇ. ಆಗ್ತದಲ್ವಾ?”

ಕಾವಲಿಯ ಮೇಲಿನ ಪರೋಟಗಳು ಒಂದು ಬದಿ ಬೆಂದಿದ್ದವು. ನಾನು ಸಟ್ಟುಗವನ್ನು ಕೆಳಗಿಟ್ಟು, ಹೆಗಲ ಟವೆಲನ್ನು ಕಾಕನ ಮೇಜಿನ ಮೇಲೆ ಹಾಕಿದೆ.

“ಏಯ್ ಇದ್ರೀಸ್, ಎಲ್ಲಿಗೆ ಹೋಗುವುದು ನೀನು? ಬಾವಾ, ಪರೋಟ ಮಗುಚು ಮಾರಾಯ, ಕರಟ್ತಾ ಉಂಟು!”

ನಾನು ಮೆಟ್ಟಿಲಿಳಿದು ಬಸ್ಸು ನಿಲ್ಲುವ ಕಡೆಗೆ ನಡೆದೆ.