ಶೆಟ್ಟಿಹಳ್ಳಿ ತಾರಸಿಯ ಟೆಂಟುಗಳು

ಗುಬ್ಬಿಯ ಒಂದು ಪಿಯು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಬಸವಪ್ರಭುವಿಗೆ ಕೆಲಸ ಬಿಡುವ ಯೋಚನೆ ಬಂದದ್ದು ಕುಣಿಗಲ್ಲಿನ ಒಂದು ಗೋಡೌನಿನಲ್ಲಿ. ಹುತ್ರಿದುರ್ಗಕ್ಕೆ ಚಾರಣಿಗರನ್ನು ಕರೆದೊಯ್ಯುತ್ತಿದ್ದ ಸಣ್ಣ ಕಂಪನಿಯೊಂದು ಬಾಗಿಲು ಹಾಕಿ, ಸಾಮಾನೆಲ್ಲ ಬಂದಷ್ಟಕ್ಕೆ ಮಾರುತ್ತಿತ್ತು. ಮಾವನ ಮನೆಗೆಂದು ಹೋದವನು ಸುಮ್ಮನೆ ಇಣುಕಿ, ಆರು ಟೆಂಟು, ಹನ್ನೊಂದು ಸ್ಲೀಪಿಂಗ್ ಬ್ಯಾಗು, ಒಂದು ಮೂಟೆ ಶೂ ಹೇರಿಕೊಂಡು ತುಮಕೂರಿಗೆ ಮರಳಿದ. ಸುತ್ತ ಇಷ್ಟೊಂದು ಬೆಟ್ಟಗಳಿದ್ದೂ ಊರಿನಲ್ಲಿ ಹಳೇ ಚಾರಣ ಸಾಮಾನಿನ ಅಂಗಡಿಯೊಂದಿಲ್ಲವಲ್ಲ ಎಂಬುದು ಅವನ ಕೊರಗಾಯಿತು. ಅವನು ಮಾತ್ರ ದೇವರಾಯನದುರ್ಗಕ್ಕೂ ಕಾರಿನಲ್ಲೇ ಹೋಗಿ ಬಂದವನು.

ವಿಮೆ ಕಚೇರಿಯಲ್ಲಿದ್ದ ಹೆಂಡತಿ ಅಕ್ಷತಾ ಎಲ್ಲವನ್ನೂ ಕೇಳಿಸಿಕೊಂಡು, ರಾಜೀನಾಮೆ ಆಮೇಲೆ ಬರೆಯಿರಿ, ಮೊದಲು ಆ ಸಾಮಾನನ್ನು ನೀವೇ ಬಳಸಿ ನೋಡಿ ಅಂದಳು. ದಸರಾ ರಜೆ ಶುರುವಾದ ದಿನವೇ ಅವನು ತುಮಕೂರಿನ ಶೆಟ್ಟಿಹಳ್ಳಿಯ ತಮ್ಮ ಮನೆಯ ತಾರಸಿಯಲ್ಲಿ ಟೆಂಟು ಹಾಕಿದ. ಕಾಂಕ್ರೀಟಿಗೆ ಗೂಟ ಇಳಿಯಲಿಲ್ಲ. ಹಗ್ಗಗಳನ್ನು ನೀರಿನ ಟ್ಯಾಂಕಿಗೂ ನಾಲ್ಕು ಸಿಮೆಂಟ್ ಇಟ್ಟಿಗೆಗೂ ಕಟ್ಟಿ, ಒಂದು ವಾರ ಅಲ್ಲೇ ಇರುವುದೆಂದು ಒಳಗೆ ಸೇರಿಕೊಂಡ.

ಎದುರು ಮನೆಯ ಗಂಗಹನುಮಯ್ಯ ಎರಡು ದಿನ ನೋಡಿದರು. ಹೆಂಡತಿ ತಟ್ಟೆ ತಂದು ಹೊರಗಿಡುತ್ತಾಳೆ, ಒಳಗಿಂದ ಒಂದು ಕೈ ಬಂದು ತಟ್ಟೆಯನ್ನು ಎಳೆದುಕೊಳ್ಳುತ್ತದೆ. ಸಂಸಾರ ಇಲ್ಲಿಗೆ ಬಂತಲ್ಲ ಎಂದು ನೊಂದುಕೊಂಡು ಕುಣಿಗಲ್ಲಿನ ಅವಳ ತವರಿಗೆ ಫೋನ್ ಮಾಡಿದರು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಅಕ್ಷತಾಳ ತಂದೆ ವೀರಭದ್ರಯ್ಯ ಬಂದಿಳಿದರು. ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಮೇಲೂ ಊರವರ ಬೇಲಿ ಜಗಳ ಬಗೆಹರಿಸುತ್ತಿದ್ದವರು. ಜಗಳ ಏನೂ ಇಲ್ಲ ಎಂದು ಮಗಳು ನಗುತ್ತಾ ಹೇಳಿದಳು. ಆ ನಗು ಕಂಡೇ ಅವರಿಗೆ ಅನುಮಾನ ಬಲವಾಯಿತು. ಮೆಟ್ಟಿಲು ಹತ್ತಿ, ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ ಟೆಂಟಿನೊಳಗೆ ನುಸುಳಿದರು.

“ಅಳಿಯಂದ್ರೇ, ಏನೇ ಇದ್ರೂ ನನ್ ಹತ್ರ ಹೇಳಿ. ಅವ್ಳೇನಂದ್ಲು?”

“ಏನೂ ಅಂದಿಲ್ಲ ಮಾವ. ಕೆಲ್ಸ ಬಿಟ್ಟು ಹಳೇ ಟೆಂಟ್ ಅಂಗ್ಡಿ ಇಡಣ ಅಂತಿದೀನಿ, ಅಷ್ಟೇ.”

ಇಂಥ ಮಾತಾಡುವ ಗಂಡಸಿಗೆ ಪೆಟ್ಟು ಬಹಳ ಆಳಕ್ಕೆ ಬಿದ್ದಿರುತ್ತದೆಂದು ವೀರಭದ್ರಯ್ಯ ತಲೆಯಾಡಿಸಿದರು. ಬಸವಪ್ರಭು ಬಟ್ಟೆಯ ಗುಣ, ಜಿಪ್ಪಿನ ಗುಣ, ಮಳೆ ತಡೆಯುವ ಹೊದಿಕೆಯ ಗುಣವನ್ನೆಲ್ಲ ಪಾಠ ಮಾಡುವವನಂತೆ ವಿವರಿಸಿದ. ಕೇಳುತ್ತಾ ಕೇಳುತ್ತಾ ಮಾವ ಕಾಲು ಚಾಚಿದರು. ನೀಲಿ ಬೆಳಕು, ತಣ್ಣನೆ ಗಾಳಿ.

“ಇಲ್ಲಿ ಯಾರೂ ಕರೆಯಲ್ವಾ?” ಎಂದು ಮೆಲ್ಲಗೆ ಕೇಳಿದರು.

“ಕರೆದ್ರೂ ಅಷ್ಟಾಗಿ ಕೇಳ್ಸಲ್ಲ ಮಾವ.”

ವೀರಭದ್ರಯ್ಯ ಮೊಬೈಲ್ ಆಫ್ ಮಾಡಿ ಮಗ್ಗುಲಾದರು. ಸಂಜೆಗೂ ಇಳಿಯಲಿಲ್ಲ, ಮರುದಿನವೂ ಇಳಿಯಲಿಲ್ಲ. ಊಟಕ್ಕೆ ಕೈ ಮಾತ್ರ ಹೊರಗೆ ಚಾಚಿದರು. ಈಗ ಎರಡು ಕೈ ಕಾಣಿಸಿದ್ದರಿಂದ ಗಂಗಹನುಮಯ್ಯ ಇನ್ನೊಮ್ಮೆ ಫೋನ್ ಮಾಡಿದರು.

ಮಧ್ಯಾಹ್ನ ಅತ್ತೆ ಬಸವಲಿಂಗಮ್ಮ ಬಂದರು. ಗಂಡನನ್ನು ಹೊರಗೆಳೆಯಬೇಕೆಂದೇ ಬಂದವರು, ಗಂಡ ಎದ್ದು ಕೂತು, ನನಗೇನೂ ಬೇಸರವಿಲ್ಲ, ಇನ್ನೆರಡು ದಿನ ಇರ್ತೀನಿ ಅಂದಾಗ ಅಲ್ಲೇ ಬಿಸಿಲಿನಲ್ಲಿ ಕೂತುಬಿಟ್ಟರು. ಅವರಿಗೆ ಬಿಸಿಲು ತಾಗದಿರಲೆಂದು ಬಸವಪ್ರಭು ಎರಡನೇ ಟೆಂಟು ಬಿಚ್ಚಿ ಹಾಕಿಕೊಟ್ಟ. ಅವರು ಒಳಹೊಕ್ಕು ಜಿಪ್ಪನ್ನು ಒಳಗಿಂದ ಎಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕಾಫಿ ಬೇಕೆಂಬ ಮಾತು ಬಂತು, ಬೇರೇನೂ ಬರಲಿಲ್ಲ.

ಮಾವ ಬಂದ ಮೂರನೇ ದಿನ ಖುದ್ದು ಗಂಗಹನುಮಯ್ಯನವರೇ ಮೆಟ್ಟಿಲು ಹತ್ತಿದರು. ಬುದ್ಧಿ ಹೇಳಲು ಬಂದರೆಂದು ಬಸವಪ್ರಭು ಎದ್ದು ನಿಂತ. ಅವರು ಅತ್ತಿತ್ತ ನೋಡಿ, ತಮ್ಮ ಮನೆಯಲ್ಲಿ ಇಬ್ಬರು ಸೊಸೆಯರು, ಮೂರು ಟಿವಿ ಇರುವ ವಿಷಯ ತಿಳಿಸಿ, ಒಂದು ಟೆಂಟು ನಾಲ್ಕು ದಿನದ ಮಟ್ಟಿಗೆ ಸಿಗಬಹುದೇ ಎಂದು ಕೇಳಿದರು. ಸಂಜೆಯೊಳಗೆ ಆ ಬೀದಿಯ ಇನ್ನೂ ಮೂವರು ಟೆಂಟು ಕೇಳಿಕೊಂಡು ಬಂದರು. ಬೆಟ್ಟದ ಹೆಸರೆತ್ತಿದವರು ಒಬ್ಬರೂ ಇಲ್ಲ. ಬಸವಪ್ರಭುವಿಗೆ ಅಳುವೇ ಬಂತು. ಬೆಟ್ಟ ಹತ್ತುವವರಿಗೆಂದು ತಂದ ಸಾಮಾನು ಇದು ಎಂದು ಅಕ್ಷತಾಳ ಹತ್ತಿರ ತೋಡಿಕೊಂಡ.

ಆಫೀಸಿನಿಂದ ಆಗಷ್ಟೇ ಬಂದಿದ್ದ ಅವಳು ಮೇಲಿನ ಮೆಟ್ಟಿಲಲ್ಲಿ ಕೂತು ತಾರಸಿಯನ್ನೆಲ್ಲ ಒಮ್ಮೆ ನೋಡಿದಳು.

“ನೀವು ಗುಬ್ಬಿ ಕಾಲೇಜಿಗೆ ಹೋಗ್ತಾ ಇರಿ,” ಅಂದಳು. “ಅಂಗ್ಡಿ ನಾನಿಡ್ತೀನಿ. ನಿಮ್ಗೆ ಗಿರಾಕಿ ಕಂಡ್ರೆ ಪಾಠ ಮಾಡ್ಬೇಕು ಅನ್ಸುತ್ತೆ.”

ಅವನು ಒಂದು ದಿನ ಮುನಿಸಿಕೊಂಡ. ಮುನಿಸಿಕೊಂಡು ಕೂರಲು ಟೆಂಟುಗಳಲ್ಲಿ ಜಾಗವಿರಲಿಲ್ಲವಾದ್ದರಿಂದ ಅಡುಗೆಮನೆಯಲ್ಲೇ ಕೂತ. ಅಲ್ಲಿ ನೆನಪಾದದ್ದು, ರಾಜೀನಾಮೆ ಪತ್ರದ ಮೊದಲ ಸಾಲನ್ನು ಕೂಡ ತಾನಿನ್ನೂ ಯೋಚಿಸಿಲ್ಲ ಎಂಬುದು. ಎದೆ ಹಗುರವಾಯಿತು.

ದೀಪಾವಳಿ ಕಳೆದ ಮೇಲೆ ಅಕ್ಷತಾ ಕೆಲಸ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ತೆರೆದಳು. ಎರಡನೇ ವಾರ ನಿಜವಾಗಿ ಬೆಟ್ಟ ಹತ್ತುವವಳೊಬ್ಬಳು ಬಂದಳು, ಮಾನಸಾ ಎಂಬ ಎಂಜಿನಿಯರಿಂಗ್ ಹುಡುಗಿ. ಈ ಶೂ ಕಲ್ಲಿನ ಮೇಲೆ ಜಾರುತ್ತದಾ ಎಂದು ಕೇಳಿದಳು. ಅಕ್ಷತಾ ಗೊತ್ತಿಲ್ಲವೆಂದು ಒಪ್ಪಿಕೊಂಡು, ಸೋಮವಾರ ಬಾ ಅಂದಳು.

ಆ ಭಾನುವಾರ ಅಂಗಡಿ ಮುಚ್ಚಿ ಗಂಡಹೆಂಡಿರು ಹುತ್ರಿದುರ್ಗ ಹತ್ತಿದರು. ಬಸವಪ್ರಭು ಅರ್ಧಕ್ಕೇ ಒಂದು ಬಂಡೆಯ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದ. ಮಾನಸಾ ಕೇಳಿದ್ದ ಶೂ ಹಾಕಿಕೊಂಡಿದ್ದ ಅವಳು ತುದಿಯವರೆಗೂ ಹೋಗಿ, ಒಂದೂವರೆ ಗಂಟೆಯ ಮೇಲೆ ಬೆವರುತ್ತಾ ಇಳಿದು ಬಂದಳು. ಬಲಗಾಲಿನ ಶೂ ಜಾರುತ್ತದೆ, ಎಡಗಾಲಿನದು ಜಾರುವುದಿಲ್ಲ ಎಂದಳು.