ಎಂಜಲಿಲ್ಲದ ಬಾಯಿ

ಹಯವದನ ಭಟ್ಟರ ಬಾಯಲ್ಲಿ ನೀರೂರುವುದೆಂದರೆ ಬರೀ ಮಾತಲ್ಲ, ನಿಜವಾಗಿ ಊರುತ್ತಿತ್ತು. ಮಲಗಿದರೆ ದಿಂಬು ಒದ್ದೆ. "ಥೂ, ಸಣ್ಣ ಮಗುವಾ ನೀವು?" ಎಂದು ಹೆಂಡತಿ ಶಕುಂತಲಾ ದಿನಾ ಬೈಯುತ್ತ ದಿಂಬಿನ ಚೀಲ ಒಗೆಯುತ್ತಿದ್ದಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಭಟ್ಟರು ಸೂರತ್‌ನ ಅಡಾಜಣ್ ಬಡಾವಣೆಯಲ್ಲಿ ಉಡುಪಿ ಹೋಟೆಲೊಂದರ ಮುಖ್ಯ ಅಡುಗೆಯವರು. ಅಲ್ಲಿ ಮೊದಲ ಅನ್ನ, ಹುಳಿ ಗಲ್ಲಾದ ಹಿಂದಿನ ಕೃಷ್ಣನ ವಿಗ್ರಹಕ್ಕೆ. ಅಲ್ಲಿಯವರೆಗೆ ರುಚಿ ನೋಡುವಂತಿಲ್ಲ, ಉಪ್ಪೂ ಕೈಯಂದಾಜು. ಸೂರತ್‌ಗೆ ಪ್ಲೇಗು ಬಂದು ಹೋದ ಮರುವರ್ಷ ಒಂದು ಬೆಳಿಗ್ಗೆ, ಕೊಪ್ಪರಿಗೆಗೆ ಬಗ್ಗಿದ ಭಟ್ಟರ ತುಟಿಯಿಂದ ಒಂದು ಹನಿ ಹುಳಿಗೆ ಬಿತ್ತು. ದೇವರಿಗೆ ಎಂಜಲು! ಇಡೀ ಕೊಪ್ಪರಿಗೆ ಮೋರಿಗೆ ಹೋಯಿತು. "ಇನ್ನೊಮ್ಮೆ ಹೀಗಾದ್ರೆ ಊರಿಗೆ ಹೊರಡಿ ಭಟ್ರೇ" ಎಂದರು ಸಾಹುಕಾರ ದಾಮೋದರ ರಾಯರು.

ಶಕುಂತಲಾ ಸುಮ್ಮನೆ ಕೂರುವ ಪೈಕಿಯವಳಲ್ಲ. ಹೊಟ್ಟೆ ಹಿಡಿದುಕೊಂಡಾಗ ತಾನು ನುಂಗುವ ಮಾತ್ರೆ ಬಾಯಿ ಒಣಗಿಸುತ್ತದೆಂದು ಅವಳಿಗೆ ಗೊತ್ತಿತ್ತು. ದಿನಾ ತುಳಸಿ ತೀರ್ಥದೊಂದಿಗೆ ಗಂಡನಿಗೂ ಕೊಟ್ಟಳು. ದಿಂಬು ಒಣಗಿತು. ಅವಳಿಗೆ ಹಿಗ್ಗೋ ಹಿಗ್ಗು.

ಮಳೆಗಾಲದ ಹೊತ್ತಿಗೆ ಭಟ್ಟರ ತುಟಿ ಬಿರಿದು, ವಸಡು ಉಬ್ಬಿ ರಕ್ತ ಒಸರತೊಡಗಿತು. ಬಾಯಿ ನಾತ. ಕೃಷ್ಣಾಷ್ಟಮಿಯ ಹಿಂದಿನ ದಿನ ಗದ್ದದ ಕೆಳಗೆ ನೋವೆಂದಾಗ ಸಾಹುಕಾರರೇ ಗಂಡ ಹೆಂಡತಿಯನ್ನು ತಮ್ಮ ಪರಿಚಯದ ದಂತವೈದ್ಯೆ ಮೇಘನಾಳ ಬಳಿ ಕಳಿಸಿದರು. ವಡೋದರಾದಲ್ಲಿ ಬೆಳೆದ ಹುಡುಗಿ, ಕನ್ನಡ ಅಷ್ಟಕ್ಕಷ್ಟೆ.

"ಅಂಕಲ್ ಬಾಯಿ ಪೂರಾ ಡ್ರೈ ಇದೆ. ಯಾವ ಗೋಲಿ ತಗೊಳ್ತಾರೆ ಆಂಟಿ?"

ಹೇಳಿದರೆ ಇವಳು ಸಾಹುಕಾರರಿಗೆ ಹೇಳದೆ ಬಿಟ್ಟಾಳೆಯೇ? ಜೊಲ್ಲಿನ ರೋಗ ಇನ್ನೂ ಇದೆಯೆಂದು ಗೊತ್ತಾದರೆ ಕೆಲಸ ಹೋಯಿತೆಂದೇ ಲೆಕ್ಕ. "ಯಾವ್ದೂ ಇಲ್ಲ ಮಾರಾಯ್ತಿ" ಎಂದಳು ಶಕುಂತಲಾ. ಭಟ್ಟರು ಹೆಂಡತಿಯ ಮುಖ ನೋಡಿ, ಹೌದೆಂಬಂತೆ ತಲೆಯಾಡಿಸಿದರು.

"ಡ್ರೈ ಇದ್ರೆ ಒಳ್ಳೇದು ಅಂದ್ಕೋಬೇಡಿ ಆಂಟಿ, ಜೊಲ್ಲು ಗಂದಾ, ಕೊಳಕು ಅಲ್ಲ. ಅದ್ರಲ್ಲಿ ಪೆಪ್ಟೈಡ್ ಅಂತ ಇರತ್ತೆ, ಸಣ್ಣ ಪ್ರೋಟೀನ್ ತುಂಡು. ಬಾಯಿಯ ಬ್ಯಾಕ್ಟೀರಿಯಾನ ಹದ್ದುಬಸ್ತಿನಲ್ಲಿ ಇಡತ್ತೆ, ಊತಾನೂ ಕಂಟ್ರೋಲ್ ಮಾಡತ್ತೆ. ಜೊಲ್ಲೇ ಇಲ್ಲಾಂದ್ರೆ ಇನ್ಫೆಕ್ಷನ್ ಆಗಿ ಊತ ಕುತ್ತಿಗೆಗೆ ಇಳಿಯತ್ತೆ, ಶ್ವಾಸ ಕಟ್ಟತ್ತೆ. ಈ ಆಂಟಿಬಯೋಟಿಕ್ ಕ್ಯಾಪ್ಸೂಲ್ ಇವತ್ತೇ ಶುರು ಮಾಡಿ. ಊತ ಬಂದ್ರೆ ಸೀದಾ ಆಸ್ಪತ್ರೆಗೆ."

ದಾರಿಯಲ್ಲಿ ಶಕುಂತಲಾ ಕ್ಯಾಪ್ಸೂಲಿನ ಪೊಟ್ಟಣ ತೆಗೆದು ತಿರುಗಿಸಿ ನೋಡಿದಳು. ಆದರೆ ನಾಳೆ ಅಷ್ಟಮಿ, ವರ್ಷದ ದೊಡ್ಡ ನೈವೇದ್ಯ. "ಆ ಕ್ಯಾಪ್ಸೂಲಿನ ಸಿಪ್ಪೆ ಎಂತದ್ರಲ್ಲಿ ಮಾಡಿದ್ದೋ, ಮೂಳೆಯದ್ದೋ ಏನೋ! ಮಡಿಯಲ್ಲಿ ಬೇಡ. ಅಷ್ಟಮಿಯೊಂದು ಕಳೀಲಿ ಇವ್ರೇ, ಮತ್ತೆ ಅದನ್ನು ಶುರು ಮಾಡುವ, ನನ್ನ ಮಾತ್ರೆ ನಿಲ್ಸುವ."

ಮರುದಿನ ತೊಟ್ಟು ನೀರೂ ಇಲ್ಲದ ಉಪವಾಸ. ಆದರೆ ತೀರ್ಥ ನಡೆಯುತ್ತದಲ್ಲ! ತೀರ್ಥದ ಜೊತೆ ಬಾಯಿ ಒಣಗಿಸುವ ಮಾತ್ರೆಯೂ ನಡೆಯಿತು. ಭಟ್ಟರು ಉಂಡೆ ಕಟ್ಟುತ್ತ ಕೂತರು, ಚಕ್ಕುಲಿ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಗದ್ದದಡಿ ನಿಂಬೆಯಷ್ಟು ಗಂಟು. ಪ್ಲೇಗಿನ ಗಂಟೇ ಇರಬೇಕೆಂದು ಅಡುಗೆಮನೆಯವರು ದೂರ ಸರಿದರು. "ನೈವೇದ್ಯ ಆಗಲಿ" ಎಂದರು ಭಟ್ಟರು, ನಾಲಿಗೆ ಹೊರಳದೆ. ನೈವೇದ್ಯವೇನೋ ಆಯಿತು, ಒಂದು ಹನಿಯೂ ಬೀಳಲಿಲ್ಲ. ಮಂಗಳಾರತಿಯ ಹೊತ್ತಿಗೆ ಅವರು ಉಸಿರಿಗಾಗಿ ಗೋಡೆ ಪರಚುತ್ತಿದ್ದರು.

ಆಸ್ಪತ್ರೆಯಲ್ಲಿ ಕುತ್ತಿಗೆ ಕೊಯ್ದು ಕೊಳವೆ ಇಟ್ಟರು. "ಸೋಂಕಿನ ವಿಷ ರಕ್ತಕ್ಕೆ ಏರಿದೆ. ನಿನ್ನೆಯೇ ಔಷಧಿ ಕೊಟ್ಟಿದ್ದರೆ..." ಎಂದು ಡಾಕ್ಟರು ಅಲ್ಲಿಗೇ ನಿಲ್ಲಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಶಕುಂತಲಾ ಸೆರಗಿನಲ್ಲಿದ್ದ ಮಾತ್ರೆಯ ಹಾಳೆಯನ್ನು ಡಾಕ್ಟರ ಕೈಗಿಟ್ಟು ಗೊಳೋ ಎಂದು ಅತ್ತಳು.

ಬೆಳಗಾಯಿತು. ಭಟ್ಟರ ಬಾಯಿ ತೆರೆದೇ ಇತ್ತು. ಅವಳು ಅವರ ಕೆನ್ನೆಯಡಿಗೆ ಕೈ ತೂರಿಸಿ ದಿಂಬು ತಡವಿದಳು. "ಒಂದೇ ಒಂದು ಹನಿ ಕೃಷ್ಣಾ, ಬೇಕಾದ್ರೆ ನಿನ್ನ ಎಡೆಯ ಮೇಲೇ ಬೀಳಲಿ!"

ದಿಂಬು ಒಣಗಿಯೇ ಇತ್ತು. ಅದರ ಮೇಲಿದ್ದ ಕೆನ್ನೆ ತಣ್ಣಗಾಗಿತ್ತು.