ರೆಕ್ಕೆಯ ಕಾಲಾಳಿಗೆ ಉತ್ತರ

ನಮ್ಮ ತೋಬಾ ಸರೋವರದ ಕಡೆ ಹೆಣ್ಣು ಕೊಟ್ಟ ಮನೆಯವರು ಏನು ಕೊಟ್ಟರೂ ಎರಡೂ ಕೈಯೊಡ್ಡಿ ತೆಗೆದುಕೊಳ್ಳಬೇಕು. ಬೇಡ ಅನ್ನುವ ಹಾಗಿಲ್ಲ. ಅವರು ಹೆಗಲಿಗೆ ಹೊದಿಸಿದ ಉಲೋಸ್ ಬಟ್ಟೆಯನ್ನು ಉಸಿರಿರುವ ತನಕ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು. ಓಂಪು ಲಸ್ಮಾ ಹದಿನೆಂಟು ವರ್ಷ ಚದುರಂಗದಲ್ಲಿ ಗೆಲ್ಲುತ್ತಾ ಬಂದದ್ದು ಈ ಒಂದು ನಡಾವಳಿಯ ಬಲದಿಂದ ಎಂದು ಈಗ ನನಗೆ ಅನಿಸುತ್ತದೆ.

ಮೊದಲ ಮೊಮ್ಮಗಳು ಲಸ್ಮಾ ಹುಟ್ಟಿದ ಮೇಲೆ ಅವರು ಊರಿಗೆಲ್ಲ ಓಂಪು ಲಸ್ಮಾ, ಅಂದರೆ ಲಸ್ಮಾಳ ಅಜ್ಜ. ಐವರು ಅಕ್ಕತಂಗಿಯರನ್ನೂ ನಾಲ್ವರು ಹೆಣ್ಣುಮಕ್ಕಳನ್ನೂ ನಮ್ಮ ಈ ಮುವಾರಾ ಊರಿನಲ್ಲೇ ಕೊಟ್ಟವರಾದ್ದರಿಂದ ಊರಿನ ಅರ್ಧ ಜನ ಅವರಿಗೆ ಸೋದರಳಿಯಂದಿರು, ಉಳಿದವರಲ್ಲಿ ಅರ್ಧ ಅಳಿಯಂದಿರ ಕಡೆಯವರು. ದೋಣಿಕಟ್ಟೆಯ ನನ್ನ ಕಾಫಿ ಅಂಗಡಿಗೆ ಅವರು ಬಂದರೆಂದರೆ ಬೆಂಚಿನ ಮೇಲಿದ್ದವರೆಲ್ಲ ಮಾವ ಬಂದರು ಎಂದು ಎದ್ದು ಸರಿದು ಕೂರುತ್ತಿದ್ದರು.

ಅವರ ಆಟ ಹೀಗೆ. ಬಿಳಿಯಲ್ಲಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವರು. ಎದುರಿನವನು ಎದೆಗೆ ಎದೆ ಕೊಡದೆ, ಬದಿಯಿಂದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ತಂದರೆ ಅದಕ್ಕೆ ಸಿಸಿಲಿಯನ್ ಎನ್ನುತ್ತಾರೆ. ನಮ್ಮ ಕಟ್ಟೆಯಲ್ಲಿ ಎಲ್ಲರೂ ಆಡುವುದು ಅದನ್ನೇ. ಬಲ್ಲವರು ಅದರೆದುರು ಕುದುರೆ ಹೊರಡಿಸುತ್ತಾರೆ. ಓಂಪು ಹಾಗಲ್ಲ. ರೆಕ್ಕೆ ಎಂದು ಕರೆಯುವ ಹಲಗೆಯ ಪಕ್ಕದಿಂದ ಕುದುರೆಯ ಮುಂದಿನ ಕಾಲಾಳನ್ನು, ಯಾರ ಕಾವಲೂ ಇಲ್ಲದೆ, ಕಪ್ಪು ಕಾಲಾಳಿನ ಬಾಯಿಗೇ ತಂದು ನಿಲ್ಲಿಸುವರು. ಬೆರಳು ಹಿಂದೆಗೆಯುತ್ತಾ ಪ್ರತಿ ಸಲವೂ, ತಗೋ ಅಳಿಯ, ಮಾವ ಕೊಟ್ಟದ್ದು, ಎನ್ನುವರು. ಸುತ್ತ ನಿಂತವರು ನಗುವರು.

ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕಲ್ಲ. ತೆಗೆದುಕೊಂಡ ಮೇಲೆ ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ತಂದು, ಇದನ್ನೂ ಇಟ್ಟುಕೋ ಎನ್ನುವರು. ಹಿಂಜರಿದವನ ಕಾಲಾಳನ್ನು ಆ ಮೂಲೆಯ ಕಾಲಾಳಿನಿಂದಲೇ ಹೊಡೆದುಹಾಕುವರು. ಅದನ್ನೂ ತೆಗೆದುಕೊಂಡವನು, ಹೊಡೆದಾಟ ಮುಗಿದು ಹೆಚ್ಚಿಗೆ ಉಳಿದ ಒಂದು ಕಾಲಾಳನ್ನು ಉಲೋಸಿನಂತೆ ಅವುಚಿಕೊಂಡು ಕೂರುವನು. ಅವನ ಕುದುರೆ ಒಂಟೆಗಳು ಮನೆಯಿಂದ ಹೊರಡುವಷ್ಟರಲ್ಲಿ ಓಂಪು ನಡುಹಲಗೆಯನ್ನೆಲ್ಲ ಆಕ್ರಮಿಸಿ, ಹೂವು ಕೊಯ್ದಂತೆ ಒಂದೊಂದಾಗಿ ಕೊಯ್ಯುತ್ತಾ ಬರುವರು. ಬೇರೆ ಕುಲದವನಾದ ದೋಣಿಯ ಗುಂತುರ್ ಕೂಡ ಸೋಲುತ್ತಿದ್ದ. ಅವರು ತನಗೆ ಮಾವ ಅಲ್ಲದಿದ್ದರೂ ಕಾಲಾಳು ನೋಡಿದರೆ ಕೈ ತಾನಾಗಿ ಚಾಚುತ್ತದೆ ಎಂದು ಅವನ ಗೋಳು.

ಪ್ರತಿ ಆಗಸ್ಟ್ ಹದಿನೇಳಕ್ಕೆ, ನಮ್ಮ ದೇಶದ ಸ್ವಾತಂತ್ರ್ಯದ ದಿನ, ತೋಬಾ ಸರೋವರದ ಸುತ್ತಿನ ನಾಲ್ಕು ಊರುಗಳು ಸೇರಿ ಆಡುತ್ತವೆ. ಊರಿಗೆ ನಾಲ್ಕು ಮಣೆ, ನಾಲ್ವರು ಆಟಗಾರರು; ಮೊದಲ ಮಣೆ ಎಲ್ಲರಿಗಿಂತ ಬಲ್ಲವನಿಗೆ. ನಮ್ಮ ಮೊದಲ ಮಣೆ ಓಂಪು ಅವರದು. ಹಿಂದಿನ ವರ್ಷ, ಪಂದ್ಯ ನಡೆಯುವ ತೋಮೋಕ್‌ನಲ್ಲಿ, ಹಡಗಿನ ಟಿಕೆಟ್ ಕೊಡುವ ಅಲ್ಲಿನವನೊಬ್ಬ ಅವರ ಕಾಲಾಳನ್ನು ತೆಗೆದುಕೊಂಡ; ಆದರೆ ಅವುಚಿಕೊಳ್ಳಲಿಲ್ಲ. ಹದಿನಾರೇ ನಡೆಗೆ ಆಟ ಮುಗಿಯಿತು. ಸೇರಿದ ಜನ ಚಪ್ಪಾಳೆ ತಟ್ಟಿದ್ದು ಆ ಟಿಕೆಟ್ಟಿನವನಿಗೆ. ದೋಣಿಯಲ್ಲಿ ವಾಪಸು ಬರುವಾಗ ಎರಡು ಗಂಟೆ ಓಂಪು ಇಂಜಿನ್ನಿನ ಪಕ್ಕ, ನಮಗೆ ಬೆನ್ನು ಮಾಡಿ, ಹೊಗೆ ಕುಡಿಯುತ್ತಾ ಕೂತಿದ್ದರು.

ಈ ವರ್ಷವೂ ಅವರೇ ಹೋದರೆ ಅದೇ ಆಗುತ್ತದೆ ಎಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಟಿಕೆಟ್ಟಿನವನು ಕಾದಿದ್ದಾನೆ ಎಂದು ದೋಣಿಯವರು ಸುದ್ದಿ ತರುತ್ತಿದ್ದರು. ಆದರೆ ಎಪ್ಪತ್ತೆರಡರ ಮಾವನಿಗೆ ಮೊದಲ ಮಣೆ ಬಿಡಿ ಎಂದು ಯಾವ ಅಳಿಯ ಹೇಳಿಯಾನು? ದಾರಿ ಒಂದೇ ಇತ್ತು. ಕಪ್ಪಿನಲ್ಲಿ ಆಡಿ ತಮ್ಮನ್ನು ಗೆದ್ದವನಿಗೆ ಮೊದಲ ಮಣೆ ಎಂಬ ಮಾತನ್ನು ಹದಿನೆಂಟು ವರ್ಷದ ಹಿಂದೆ ಅವರೇ ಕೊಟ್ಟಿದ್ದರು. ಈವರೆಗೆ ಅದನ್ನು ಕೇಳಿದವರು ಯಾರೂ ಇರಲಿಲ್ಲ.

ಕೇಳಿದವನು ಜೋಂಗಿ. ಓಂಪು ಅವರ ಕಿರಿಯ ತಂಗಿಯ ಮಗ, ದೋಣಿ ಇಂಜಿನ್ನುಗಳ ಮೆಕ್ಯಾನಿಕ್ಕು, ನಲವತ್ತರ ಹತ್ತಿರದವನು. ಕುಲದಲ್ಲಿ ನನಗೆ ತಮ್ಮನಾಗಬೇಕು. ಇಂಜಿನ್ ಕೆಟ್ಟರೆ ಮೊದಲು ಬಿಚ್ಚುವವನಲ್ಲ. ಕಣ್ಣು ಮುಚ್ಚಿ ಅದರ ಸದ್ದು ಕೇಳಿಸಿಕೊಳ್ಳುವವನು. ಮದುವೆ ಮನೆಗಳಲ್ಲಿ ಪದ್ಯ ಹೇಳುತ್ತಿದ್ದ ನನ್ನ ಅಪ್ಪನ ಕಾಲ ಬುಡದಲ್ಲಿ ನಾನು ಹಾಗೇ ಕೇಳುತ್ತಾ ಬೆಳೆದವಳು. ಅದಕ್ಕೇ ಇರಬೇಕು, ಅವನು ನನಗೆ ಹತ್ತಿರದವನು.

ಅವನಿಗೆ ದಾರಿ ಕಂಡದ್ದು ಲಸ್ಮಾಳ ಮದುವೆಯಲ್ಲಿ. ನಮ್ಮ ಮದುವೆಗಳಲ್ಲಿ ಸೋದರಳಿಯಂದಿರ ಪಾಲಿಗೆ ಬರುವ ಅಡುಗೆ ಮನೆಯ ಕೆಲಸ ಅಂದು ಅವನಿಗೆ. ಮಾಂಸದ ತಟ್ಟೆ ಹೊತ್ತು ನಿಂತಿದ್ದಾಗ ಓಂಪು ಮದುಮಕ್ಕಳ ಹೆಗಲಿಗೆ ಉಲೋಸ್ ಹೊದಿಸಿದರು. ಕುಲದ ಪರವಾಗಿ ಮಾತಾಡುವ ಮಾತುಗಾರ ಎರಡೆರಡು ಸಾಲಿನ ಪದ್ಯ ಹೇಳುತ್ತಿದ್ದ. ಬಟ್ಟೆಯ ಅಂಚಿನ ನೂಲು ಇನ್ನೂ ತೂಗಾಡುತ್ತಿರುವಾಗಲೇ ಗಂಡಿನ ಅಪ್ಪ ಮುಂದೆ ಬಂದು, ಪದ್ಯದ ಎರಡನೆಯ ಸಾಲಿನಂತೆ, ತನ್ನ ಮರುಕಾಣಿಕೆಯನ್ನು ನಡುವೆ ಇಟ್ಟ. ನೂರು ಸಲ ನೋಡಿದ್ದನ್ನು ಜೋಂಗಿ ಅಂದು ನೋಡಿದ.

ಮರುದಿನ ಬೆಳಿಗ್ಗೆ ಮೊದಲ ದೋಣಿ ಬರುವ ಮುಂಚೆ ಅಂಗಡಿಗೆ ಬಂದು, ಎಣ್ಣೆ ಮೆತ್ತಿದ ಕೈಯಲ್ಲೇ ಮಣೆ ಹರಡಿದ. ನನಗೆ ಆಡಲು ಬರುವುದಿಲ್ಲ. ಅವನು ಹೇಳಿದಂತೆ ಬಿಳಿ ಕಾಯಿಗಳನ್ನು ನಾನು ತಳ್ಳಿದೆ. ಮೂಲೆಯ ಕಾಲಾಳನ್ನು ತಳ್ಳಿದಾಗ ಅವನು ಅದನ್ನು ತೆಗೆದುಕೊಳ್ಳಲಿಲ್ಲ. ತನ್ನ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಹಲಗೆಯ ಹೃದಯದಲ್ಲಿ ನಿಲ್ಲಿಸಿದ.

"ನಾವೆಲ್ಲ ತಗೊಂಡು ತಗೊಂಡು ಸೋತ್ವಿ ಅಕ್ಕ. ತಗೊಂಡಮೇಲೆ ಮರುಕಾಣಿಕೆ ಇಡ್ಬೇಕು ಅಂತ ಒಬ್ರಿಗೂ ಹೊಳೀಲಿಲ್ಲ."

ಬಿಳಿ ಆ ಕಾಲಾಳನ್ನು ಹೊಡೆಯುತ್ತದೆ, ಕಪ್ಪು ರಾಣಿ ಅದನ್ನು ಹೊಡೆದು ನಡುಮನೆಯಲ್ಲಿ ಬಂದು ನಿಲ್ಲುತ್ತದೆ. ಅಲ್ಲಿಂದ ಅದು ನಾಲ್ಕು ದಿಕ್ಕನ್ನೂ ನೋಡುತ್ತದೆ. ಇಷ್ಟು ವಿವರಿಸಿ ಜೋಂಗಿ ಸಪ್ಪಗಾದ. ಆಗ ಮಾವ ಕುದುರೆ ಹೊರಡಿಸಿದರೆ ಒಳ್ಳೆಯ ಜಗಳ, ಗೆದ್ದರೂ ಸೋತರೂ ಮರ್ಯಾದೆ. ಆದರೆ ಹದಿನೆಂಟು ವರ್ಷದ ಅಭ್ಯಾಸದಂತೆ ಮೂಲೆಯ ಕಾಲಾಳಿನಿಂದ ಹೊಡೆಯಲು ಹೋದರೆ ರಾಣಿ ಒಂದು ಮನೆ ಪಕ್ಕಕ್ಕೆ ಸರಿದು ರಾಜನಿಗೆ ಚೆಕ್ ಕೊಡುತ್ತದೆ, ಅದೇ ಏಟಿಗೆ ಮೂಲೆಯ ಆನೆಯೂ ಹೋಗುತ್ತದೆ.

"ಅಂಥ ಸೋಲು ಸಣ್ಣ ಹುಡುಗರದು. ಅದನ್ನ ಊರೆದುರಿಗೆ ಮಾವನಿಗೆ ನಾನೇ ಮಾಡೋದಾ? ತೋಮೋಕ್‌ನಲ್ಲಿ ಅವಮಾನ ಆಗ್ಬಾರ್ದು ಅಂತ ಇಲ್ಲಿ ಮಾಡಿದಂಗಾಗುತ್ತೆ."

ನಾನು ಅವನಿಗೆ ಕಾಫಿ ಹಾಕಿಕೊಟ್ಟು ಮನಸ್ಸಿನಲ್ಲೇ ಪ್ರಾರ್ಥಿಸಿದೆ, ಕುದುರೆ ಹೊರಡಲಿ ಎಂದು. ದೇವರ ಬಳಿ ಒಂದು ಕುದುರೆಗಾಗಿ ಕೇಳಿದ್ದು ಜೀವನದಲ್ಲಿ ಅದೇ ಮೊದಲು.

ಆಗಸ್ಟ್ ಮೊದಲ ಭಾನುವಾರ, ಇಗರ್ಜಿ ಬಿಟ್ಟ ಮೇಲೆ ಇಬ್ಬರೂ ಕೂತರು. ಊರೆಲ್ಲ ಅಂಗಡಿಯಲ್ಲಿ. ಓಂಪು ಬಿಳಿ ಅಂಗಿಯಲ್ಲೇ ಬಂದಿದ್ದರು. ಲಾಪೆತ್ ಕಡುಬಿನ ಎಲೆ ಬಿಡಿಸುತ್ತಾ ಗುಂತುರ್, ಜೋಂಗಿಗೆ ಮಾವನ ಕಾಣಿಕೆ ಹೊರಲು ಗೋಣಿಚೀಲ ಬೇಕೇ ಎಂದು ವಿಚಾರಿಸಿದ. ಓಂಪು ಕೂಡ ನಕ್ಕರು. ಕಣ್ಣು ಮುಚ್ಚಿ ಒಂದು ಗಳಿಗೆ ಪ್ರಾರ್ಥಿಸಿ, ರಾಜನ ಕಾಲಾಳು ನಡೆಸಿದರು. ಜೋಂಗಿ ಬದಿಯ ಕಾಲಾಳು. ರೆಕ್ಕೆಯ ಕಾಲಾಳು ಬಂತು, ಅದರ ಜೊತೆ ಆ ಮಾತೂ ಬಂತು. ಜೋಂಗಿ ತೆಗೆದುಕೊಂಡ. ಮೂಲೆಯ ಕಾಲಾಳು ಒಂದು ಮನೆ ಮುಂದೆ ಬಂತು.

ಜೋಂಗಿ ಎಡಗೈಯನ್ನು ಬಲ ಮೊಣಕೈಗೆ ಆನಿಸಿಕೊಂಡು, ಹಿರಿಯರಿಗೆ ತಟ್ಟೆ ಕೊಡುವ ರೀತಿಯಲ್ಲಿ, ರಾಣಿಯ ಕಾಲಾಳನ್ನು ನಡುವೆ ಇಟ್ಟ.

ಓಂಪು ಹಲಗೆ ಬಿಟ್ಟು ಅವನ ಕೈಯನ್ನೇ ನೋಡಿದರು. ತೋಮೋಕ್‌ನವನೂ ಅದನ್ನೇ ಆಡಿದ್ದನಂತೆ. ಆದರೆ ಅವನು ಕಾಯಿಯನ್ನು ಟಪ್ಪೆಂದು ಕುಕ್ಕಿದ್ದನಂತೆ. ಅದು ನನಗೆ ಆಮೇಲೆ ತಿಳಿಯಿತು. ಓಂಪು ಕಾಲಾಳನ್ನು ಹೊಡೆದರು. ರಾಣಿ ಅದನ್ನು ಹೊಡೆದು ನಡುಮನೆಗೆ ಬಂದು ನಿಂತಿತು. ಅಂಗಡಿಯಲ್ಲಿ ಎಲೆ ಬಿಡಿಸುವ ಸದ್ದೂ ನಿಂತಿತು.

ಓಂಪು ಕುದುರೆಯ ಕಡೆ ನೋಡಲೇ ಇಲ್ಲ. ಅವರ ಮನಸ್ಸು ಆ ಕೊಟ್ಟ ಕೈಯಲ್ಲೇ ಇತ್ತೋ ಏನೋ. ಬೆರಳು ಹದಿನೆಂಟು ವರ್ಷದ ದಾರಿ ಹಿಡಿದು ಮೂಲೆಯ ಕಾಲಾಳಿನ ತಲೆಯ ಮೇಲೆ ಬಂದು ಕೂತಿತು.

ಜೋಂಗಿ ತಲೆ ಎತ್ತಲಿಲ್ಲ. ಮೆಲ್ಲಗೆ, ಮಾವನಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳುವಷ್ಟು, "ಮಾವ, ಕಾಫಿ ಕುಡೀರಿ. ನೀವಿನ್ನೂ ಮುಟ್ಟಿಲ್ಲ" ಎಂದ.

ಓಂಪು ಬೆರಳು ತೆಗೆಯಲಿಲ್ಲ. ಹಲಗೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ರಾಣಿಯಿಂದ ರಾಜನವರೆಗೆ, ಅಲ್ಲಿಂದ ಮೂಲೆಯ ಆನೆಯವರೆಗೆ ಅವರ ಕಣ್ಣು ಹೋಗಿ ಬಂದದ್ದನ್ನು ನಾನು ಕಂಡೆ. ಮುಖ ಒಂದಿಷ್ಟು ಕೆಂಪಾಯಿತು, ಮತ್ತೆ ಇಳಿಯಿತು. ಮುಟ್ಟಿದ ಕಾಯಿಯನ್ನು ಆಡಲೇಬೇಕು. ಆ ಕಾಲಾಳನ್ನು ಎತ್ತ ನಡೆಸಿದರೂ ಆನೆ ಉಳಿಯುವುದಿಲ್ಲ.

"ಮುಟ್ಟಿದೀನಿ."

"ನಾನು ನೋಡ್ಲಿಲ್ಲ ಮಾವ."

"ನಾನು ನೋಡ್ದೆ." ಅವರು ಕಾಲಾಳು ಎತ್ತಿ, ಹೊಡೆಯಬೇಕಾದ್ದನ್ನು ಹೊಡೆದು, ಕೈ ಮಡಚಿಕೊಂಡರು. "ಕೊಡೋಕೆ ಬಂದವನು ಅರ್ಧ ಕೊಟ್ಟು ನಿಲ್ಲಿಸ್ಬಾರ್ದು ಅಳಿಯ. ಪೂರ್ತಿ ಕೊಡು."

ಈಗ ಎಲ್ಲರೂ ಜೋಂಗಿಯನ್ನು ನೋಡುತ್ತಿದ್ದರು. ರಾಣಿಯನ್ನು ಬೇರೆಲ್ಲಿಗಾದರೂ ಸರಿಸಿ ಮಾವನನ್ನು ಉಳಿಸುತ್ತಾನೆ ಎಂದುಕೊಂಡೆ. ಹಾಗೆ ಮಾಡಿದ್ದರೆ ನಾವು ಯಾರೂ ಬೈಯುತ್ತಿರಲಿಲ್ಲ. ಅವನು ಮತ್ತೆ ಎಡಗೈಯನ್ನು ಮೊಣಕೈಗೆ ಆನಿಸಿ, ರಾಣಿಯನ್ನು ಪಕ್ಕದ ಮನೆಗೆ ಸರಿಸಿ, ಇಗರ್ಜಿಯಲ್ಲಿ ಆಮೆನ್ ಹೇಳುವಷ್ಟು ಸಣ್ಣಗೆ, ಚೆಕ್ ಎಂದ.

ಓಂಪು ಅಡ್ಡಕ್ಕೆ ಒಂಟೆ ತಂದರು. ಮೂಲೆಯ ಆನೆ ಹೋಯಿತು. ಗುಂತುರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಟ ಮುಗಿಯಿತೆಂದು ಕೆಲವರು ಎದ್ದರು. ಓಂಪು ಅವರತ್ತ ನೋಡದೆ, ಕುಳಿತುಕೊಳ್ಳಿ ಎಂದು ಕೈಸನ್ನೆ ಮಾಡಿದರು.

ಮುಂದಿನ ಮುಕ್ಕಾಲು ಗಂಟೆ ಅವರು ಆಡಿದ್ದನ್ನು ಬಲ್ಲವರು ಇನ್ನೂ ಹೇಳುತ್ತಾರೆ. ಕುದುರೆಯಿಂದ ರಾಣಿಯ ದಾರಿ ಮುಚ್ಚಿ ಅದನ್ನು ಮೂಲೆಯಲ್ಲೇ ಹಿಡಿಯಲು ನೋಡಿದರು. ಅದು ಅಂಚಿನ ಸಾಲು ಹಿಡಿದು ತಪ್ಪಿಸಿಕೊಂಡಾಗ ಉಳಿದೊಂದು ಆನೆಯನ್ನು ನಡುವಿಗೆ ತಂದು ಜೋಂಗಿಯ ರಾಜನನ್ನು ಎರಡು ಸಲ ಓಡಿಸಿದರು. ಜೋಂಗಿಯ ಹಣೆಯ ಬೆವರು ಹಲಗೆಯ ಮೇಲೆ ಬಿತ್ತು. ಒಂದು ಆನೆ ಕಡಿಮೆಯಿದ್ದವರು ಯಾರೆಂದು ಮುಖ ನೋಡಿ ಹೇಳುವ ಹಾಗಿರಲಿಲ್ಲ. ಕೊನೆಗೆ ಕಾಯಿಗಳೆಲ್ಲ ಕರಗಿ, ಕಪ್ಪು ಆನೆ ಮಾತ್ರ ಉಳಿದಾಗ, ಓಂಪು ತಮ್ಮ ರಾಜನನ್ನು ಮಲಗಿಸಿ ಕೈ ಚಾಚಿದರು. ಜೋಂಗಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ.

"ಆ ನಡೆ ತೋಮೋಕ್‌ನವನ ಹತ್ರ ಕಲ್ತ್ಯಾ?"

"ಇಲ್ಲ ಮಾವ. ಲಸ್ಮಾ ಮದುವೇಲಿ, ನೀವು ಉಲೋಸ್ ಹೊದಿಸಿದಾಗ."

ಓಂಪು ಮಲಗಿದ್ದ ರಾಜನನ್ನು ಎತ್ತಿ ನಿಲ್ಲಿಸಿದರು. ಆಮೇಲೆ, ಅವನು ಅದನ್ನು ಎದುರಾಳಿಯಿಂದ ಕಲಿತಿದ್ದರೆ ತಮಗೆ ಬೇಜಾರಾಗುತ್ತಿತ್ತು, ತಮ್ಮ ಮನೆಯಿಂದಲೇ ಕಲಿತಿದ್ದಾನೆ ಎಂದು ಯಾರಿಗೂ ಅಲ್ಲದಂತೆ ಹೇಳಿ, ನನ್ನ ಬಳಿ ಕಾಗದ ಪೆನ್ಸಿಲ್ ಕೇಳಿದರು. ಮೊದಲ ಮಣೆಗೆ ಜೋಂಗಿಯ ಹೆಸರು ಬರೆದರು. ಎರಡು, ಮೂರು ತುಂಬಿಸಿದರು. ನಾಲ್ಕರ ಎದುರು ತಮ್ಮದೇ ಹೆಸರು ಬರೆದರು.

ಜೋಂಗಿ ಗಾಬರಿಯಾದ. ಮಾವ ನಾಲ್ಕನೆಯ ಮಣೆಯಲ್ಲಿ ಕೂರುವುದಾದರೆ ತಾನು ಮೊದಲನೆಯದರಲ್ಲಿ ಕೂರುವುದಿಲ್ಲ, ಅವರು ಹಿರಿಯರ ಕುರ್ಚಿಯಲ್ಲಿದ್ದು ನೋಡಿದರೆ ಸಾಕು ಎಂದು ತಡವರಿಸಿದ. ಗುಂತುರ್ ಕೂಡ ಹೌದೆಂದು ತಲೆಯಾಡಿಸಿದ.

"ಹಿರಿಯರ ಕುರ್ಚಿ ನಿಮ್ಮಪ್ಪನಿಗಿರಲಿ" ಎಂದು ಓಂಪು ಅವರಿಬ್ಬರನ್ನೂ ಗದರಿದರು. "ತೋಮೋಕ್‌ನ ನಾಲ್ಕನೆಯವನು ಹೊಸಬ. ನನ್ನ ಕಾಲಾಳು ಎಂಥದ್ದು ಅಂತ ಅವನಿನ್ನೂ ಕಂಡಿಲ್ಲ."

ಅಂಗಡಿಯಲ್ಲಿ ಯಾರೋ ನಕ್ಕರು, ಮತ್ತೆ ಎಲ್ಲರೂ. ಓಂಪು ನಗಲಿಲ್ಲ. ಕಾಯಿಗಳನ್ನು ಮತ್ತೆ ಸಾಲಾಗಿ ನಿಲ್ಲಿಸಿ, ಐದನೆಯ ನಡೆಯವರೆಗೆ ತಾವೇ ತಂದು, ಈ ಸಲ ಕುದುರೆಯನ್ನು ಹೊರಡಿಸಿ, ಮುಂದೆ ಹೇಳು ಎಂದು ಜೋಂಗಿಯ ಕಡೆ ಬಗ್ಗಿದರು. ಜೋಂಗಿ ಬೆಂಚನ್ನು ಹತ್ತಿರಕ್ಕೆ ಎಳೆದುಕೊಂಡ. ನಾನು ಇಬ್ಬರಿಗೂ ಬಿಸಿ ಕಾಫಿ ಬಗ್ಗಿಸಲು ಹೋದೆ.